ಬಡಿಸುವವ ಮೊದಲು ಉಣ್ಣಬೇಕು

ಹುಕ್ಕೇರಿಯಲ್ಲಿ ಹೊಸದಾಗಿ ಖಾನಾವಳಿ ತೆರೆಯಬೇಕೆಂದಿರುವ ಅಣ್ಣತಮ್ಮಂದಿರಿಬ್ಬರು ಹೋದ ತಿಂಗಳು ನನ್ನನ್ನು ಹುಡುಕಿಕೊಂಡು ಘೋಡಗೇರಿಗೆ ಬಂದಿದ್ದರು. ಗೋಕಾಕದ ಖಾನಾವಳಿಯೊಂದರಲ್ಲಿ ಮೂವತ್ತು ವರ್ಷ ಬಡಿಸಿದ ಮುದುಕ ಇಲ್ಲಿದ್ದಾನೆ ಎಂದು ಯಾರೋ ಅವರ ಕಿವಿಗೆ ಹಾಕಿದ್ದರು. "ಏನರ ನಾಲ್ಕ ಮಾತ ಹೇಳ್ರಿ, ಅಜ್ಜಾರ" ಎಂದರು. ಕೇಳಿ ಎಂದೆ. ದೊಡ್ಡವನು ಕೇಳಿದ್ದು ಮೇಜುಗಳನ್ನು ಎಷ್ಟು ಮಾಡಿಸಬೇಕೆಂದು. ಸಣ್ಣವನು ಕೇಳಿದ್ದು ಗೋಡೆಗೆ ಯಾವ ಬಣ್ಣ ಒಪ್ಪುತ್ತದೆಂದು.

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಅದು ಊರಿಗೆಲ್ಲ ಗೊತ್ತು. "ಮಂದಿ ಉಣ್ಣಾಕ ಬರ್ತಾರೋ, ಗ್ವಾಡಿ ನೆಕ್ಕಾಕ ಬರ್ತಾರೋ?" ಎಂದುಬಿಟ್ಟೆ. ಪಾಪ, ಇಬ್ಬರೂ ಚಹಾ ಕುಡಿದು, ನಮಸ್ಕಾರ ಮಾಡಿ, ಬಸ್ಸಿಗೆ ಹೊತ್ತಾಯಿತೆಂದು ಎದ್ದು ಹೋದರು. ಹೋದ ಮೇಲೆ ನನಗೆ ಹಳಹಳಿಯಾಯಿತು. ಇದೇ ನಾಲಗೆ ಒಂದು ಕಾಲಕ್ಕೆ ಒಬ್ಬ ಹೆಣ್ಣುಮಗಳ ಒಲೆಯನ್ನೇ ಆರಿಸುವುದರಲ್ಲಿತ್ತು. ಅದನ್ನಾದರೂ ಆ ಹುಡುಗರಿಗೆ ಹೇಳಬೇಕಾಗಿತ್ತು. ಬಾಯಲ್ಲಿ ಹೇಳಲಿಲ್ಲ, ಅದಕ್ಕೆ ಈಗ ಕಾಗದದ ಮೇಲೆ ಹೇಳುತ್ತಿದ್ದೇನೆ. ನನ್ನ ಪಗಾರ ಎಷ್ಟಿತ್ತು, ಯಾವಾಗ ಏರಿತು ಎಂಬುದನ್ನು ಇಲ್ಲಿ ಹುಡುಕಬೇಡಿ. ಅದು ಯಾರಿಗೂ ಉಪಯೋಗವಿಲ್ಲದ ಸಂಗತಿ.

ನಾನು ಸಾಲೆಯಲ್ಲಿ ಐದನೆಯ ಇಯತ್ತೆಯವರೆಗೆ ಕಲಿತವನು. ಮನೆಯ ಹೊಲ ಒಬ್ಬನಿಗೆ ಸಾಕಾಗುವಷ್ಟಿತ್ತು, ನಾವು ಅಣ್ಣತಮ್ಮಂದಿರು ಇಬ್ಬರಿದ್ದೆವು. ಹೀಗಾಗಿ ಇಪ್ಪತ್ತೆರಡನೆಯ ವಯಸ್ಸಿಗೆ ಗೋಕಾಕಕ್ಕೆ ಹೋಗಿ ನೀಲವ್ವನ ಖಾನಾವಳಿಯಲ್ಲಿ ಬಡಿಸಲು ನಿಂತೆ. ಮೊದಲ ಮಹಾಯುದ್ಧ ಇನ್ನೂ ಶುರುವಾಗಿರಲಿಲ್ಲ. ನೀಲವ್ವನಿಗೆ ಆಗ ನಲವತ್ತರ ಹತ್ತಿರ. ಗಂಡ ತೀರಿಕೊಂಡ ಮೇಲೆ ಮನೆಯ ಪಡಸಾಲೆಯಲ್ಲೇ ಮಣೆ ಹಾಕಿ ಊಟ ನೀಡಲು ಆರಂಭಿಸಿದ್ದಳು. ಮಕ್ಕಳಿರಲಿಲ್ಲ. ಆಕೆಯ ಹೊಲ, ಮನೆ, ಮಾನ ಎಲ್ಲವೂ ಆ ಒಲೆಯೇ. ಒಳಗೆ ಆಕೆ ಒಬ್ಬಳೇ, ಹೊರಗೆ ನಾನೊಬ್ಬನೇ. ಕಚೇರಿಗೆ ತಾರೀಖಿಗೆ ಬಂದವರು, ಹತ್ತಿ ಬೆಲ್ಲ ಹೇರಿಕೊಂಡು ಬಂದ ಗಾಡಿಯವರು, ಹೆಂಡತಿಯನ್ನು ಊರಲ್ಲಿ ಬಿಟ್ಟು ಬಂದ ಕಾರಕೂನರು, ಇವರೇ ನಮ್ಮ ಗಿರಾಕಿಗಳು. ಬಹುಮಟ್ಟಿಗೆ ಎಲ್ಲರೂ ಲಿಂಗವಂತರು.

ನಮ್ಮ ಪದ್ಧತಿಯ ಎರಡು ಮಾತನ್ನು ಇಲ್ಲೇ ಹೇಳಿಬಿಡಬೇಕು. ಇಲ್ಲದಿದ್ದರೆ ಮುಂದಿನದು ಹೊಸಬರಿಗೆ ತಿಳಿಯುವುದಿಲ್ಲ. ಲಿಂಗಕ್ಕೆ ತೋರಿಸುವ ಮೊದಲು ಅಡಿಗೆಯ ರುಚಿ ನೋಡುವಂತಿಲ್ಲ. ನೋಡಿದರೆ ಅದು ಎಂಜಲು. ಹೀಗಾಗಿ ನೀಲವ್ವ ಕೈಯಳತೆಯಲ್ಲಿ ಉಪ್ಪು ಹಾಕುತ್ತಿದ್ದಳು, ಉಳಿದದ್ದನ್ನೆಲ್ಲ ಮೂಗಿನಿಂದ ತಿಳಿಯುತ್ತಿದ್ದಳು. ಇನ್ನು, ಲಿಂಗಕ್ಕೆ ತೋರಿಸಿದ ಮೇಲೆ ತಾಟಿನಲ್ಲಿದ್ದದ್ದು, ಆಮೇಲೆ ಅದರಲ್ಲಿ ಬಿದ್ದದ್ದು ಎಲ್ಲವೂ ಪ್ರಸಾದ. ಉಪ್ಪು ಹೆಚ್ಚು, ಖಾರ ಕಡಿಮೆ ಎಂದು ಅದಕ್ಕೆ ಹೆಸರಿಡುವಂತಿಲ್ಲ, ಅಗುಳೂ ಬಿಡುವಂತಿಲ್ಲ. ಉಂಡಾದ ಮೇಲೆ ತಾಟಿಗೆ ನೀರು ಹಾಕಿ, ಬೆರಳಿನಿಂದ ತೊಳೆದು, ಆ ನೀರನ್ನೂ ಕುಡಿದು ಏಳಬೇಕು. ನಮ್ಮಲ್ಲಿ ತಾಟು ತಿಕ್ಕುವ ಕೆಲಸ ಅರ್ಧ ಗಿರಾಕಿಗಳೇ ಮಾಡುತ್ತಿದ್ದರು ಎಂದು ನಾನು ಚೇಷ್ಟೆ ಮಾಡುತ್ತಿದ್ದೆ. "ನಮ್ಮ ತಾಟ ನೋಡ್ರಿ, ಕನ್ನಡಿ ಇದ್ದಂಗ" ಎಂದು ನೀಲವ್ವನಿಗೆ ಹೆಮ್ಮೆ.

ಮೊದಲನೆಯ ವಾರವೇ ನಾನು ಎಡವಿದೆ. ಕುಲಗೋಡದ ಹಿರಿಯರೊಬ್ಬರು ಮಣೆಯ ಮೇಲೆ ಕುಳಿತು, ಎಡಗೈಯಲ್ಲಿ ಲಿಂಗ ಹಿಡಿದು ಕಣ್ಣು ಮುಚ್ಚಿದ್ದರು. ನಾನು ಬಲು ಚುರುಕಿನವನೆಂದು ತೋರಿಸಲು ಹಂಚಿನಿಂದ ಇಳಿದ ರೊಟ್ಟಿಯನ್ನು ತಂದು ಅವರ ತಾಟಿಗೆ ಹಾಕಿದೆ. ಅವರ ಪೂಜೆ ಮುಗಿಯುವಷ್ಟರಲ್ಲಿ ರೊಟ್ಟಿ ಆರಿ ಹಂಚಿನ ಬಿಲ್ಲೆಯಾಗಿತ್ತು. ಅವರು ಒಂದು ಮಾತೂ ಆಡಲಿಲ್ಲ. ಮುರಿದರು. ಕಟಾರ್ ಎಂದು ಪಡಸಾಲೆಗೆಲ್ಲ ಕೇಳಿಸಿತು. ಒಳಗಿನಿಂದ ನೀಲವ್ವ ಕೂಗಿದಳು: "ಸಿದ್ಲಿಂಗಾ, ಯಾರ ತಾಟಿಗಿ ಹಪ್ಪಳಾ ಹಾಕಿದ್ಯೋ?"

ಅವರು ಅದನ್ನೂ ಪೂರ್ತಿ ಉಂಡು, ತಾಟು ತೊಳೆದು ಕುಡಿದು, ಶರಣಾರ್ಥಿ ಎಂದು ಹೋದರು. ಅವರಿಗೆ ಸಮಾಧಾನವಾಗಿದೆ ಎಂದುಕೊಂಡೆ ನಾನು. ನೀಲವ್ವ ಅಂದೇ ನನಗೆ ಈ ಕೆಲಸದ ಮೊದಲ ಪಾಠ ಹೇಳಿದಳು. "ಮಂದಿ ಕಣ್ಣ ಮುಚ್ಚಿದಾಗ ನೀ ಕಿವಿ ತಗಿ. ಲಿಂಗಾ ಕರಡಿಗ್ಯಾಗ ಇಟ್ಟು ಮುಚ್ಚಳಾ ಹಾಕಿದ ಸಪ್ಪಳಾ ಬರತೈತಿ. ಆಗ ನನಗ ಒಂದ ಬಿಸಿ ಅಂತ ಕೂಗು." ಬೆಳ್ಳಿಯ ಕರಡಿಗೆಗೆ ಒಂದು ಸದ್ದು, ಹಿತ್ತಾಳೆಯದಕ್ಕೆ ಇನ್ನೊಂದು. ಎರಡು ತಿಂಗಳಲ್ಲಿ ಯಾವ ಸಾಲಿನ ಯಾವ ಮಣೆಯದೆಂದು ತಿರುಗಿ ನೋಡದೆಯೇ ಹೇಳುವಷ್ಟು ಪಳಗಿದೆ.

ಬಡಿಸುವವ ನಮ್ಮವನಾದರೆ ಎಲ್ಲಿ ಕೂತರೇನು ಎಂಬ ಗಾದೆಯನ್ನು ಕಟ್ಟಿದವನು ಉಣ್ಣುವವನೇ ಇರಬೇಕು, ಬಡಿಸುವವನಂತೂ ಅಲ್ಲ. ಕಲ್ಲೋಳಿಯ ಅಣ್ಣತಮ್ಮಂದಿರಿಬ್ಬರಿಗೆ ಒಂದು ಬಾವಿಯ ಸಂಬಂಧ ಕಚೇರಿಯಲ್ಲಿ ವ್ಯಾಜ್ಯವಿತ್ತು. ತಾರೀಖಿನ ದಿನ ಇಬ್ಬರಿಗೂ ಹಸಿವು ಒಂದೇ ಹೊತ್ತಿಗೆ ಆಗುತ್ತಿತ್ತು. ಒಬ್ಬ ಈ ತುದಿಗೆ, ಒಬ್ಬ ಆ ತುದಿಗೆ ಕೂರುವರು, ಇಬ್ಬರ ಕಣ್ಣೂ ನನ್ನ ಸೌಟಿನ ಮೇಲೆ. ಒಮ್ಮೆ ಅಣ್ಣನಿಗೆ ಬದನೆಕಾಯಿ ಎಣ್ಣೆಗಾಯಿ ಎರಡು ಬಿದ್ದವು, ತಮ್ಮನಿಗೆ ಒಂದೇ. ತಮ್ಮ ಎದ್ದು ನಿಂತು, ನಾನು ಅಣ್ಣನ ಕಡೆಯ ಸಾಕ್ಷಿ ಎಂದು ಕೂಗಾಡಿದ. ನೀಲವ್ವ ಸೆರಗು ಕಟ್ಟಿಕೊಂಡು ಹೊರಗೆ ಬಂದಳು. "ನ್ಯಾಯ ಕಚೇರ್ಯಾಗ ಕೇಳ್ರಿ. ಇಲ್ಲಿ ಬರೇ ಬದನಿಕಾಯಿ ಐತಿ" ಎಂದು ತನಗೆಂದು ತೆಗೆದಿಟ್ಟುಕೊಂಡಿದ್ದ ಕೊನೆಯ ಕಾಯಿಯನ್ನು ತಮ್ಮನ ತಾಟಿಗೆ ಹಾಕಿ ಒಳಗೆ ಹೋದಳು. ತಮ್ಮನ ಮುಖ ಸಣ್ಣದಾಯಿತು. ವ್ಯಾಜ್ಯ ಏನಾಯಿತೋ ನನಗೆ ತಿಳಿಯದು, ಆದರೆ ಆಮೇಲೆ ನನ್ನ ಸೌಟಿನ ಮೇಲೆ ಅವರು ಕಣ್ಣಿಡಲಿಲ್ಲ.

ಈಗ ಗುರುಬಸಪ್ಪ ಕಾರಕೂನರ ವಿಷಯ. ಕಚೇರಿಯಲ್ಲಿ ಕೆಲಸ, ವಯಸ್ಸು ಐವತ್ತು, ಗಿಣಿಯಂಥ ಮೂಗು. ಇವರೂ ಲಿಂಗವಂತರೇ. ಆದರೆ ತಾಟು ಮುಂದೆ ಬಂದೊಡನೆ ಕರಡಿಗೆ ತೆಗೆಯುತ್ತಿರಲಿಲ್ಲ. ಮೊದಲು ಬಗ್ಗಿ ವಾಸನೆ ನೋಡುತ್ತಿದ್ದರು. "ಬೆಳ್ಳುಳ್ಳಿ ಹೊತ್ತೈತಿ." "ಎಣ್ಣಿ ಹಳೇದೈತಿ, ಕಮಟ ನಾರತೈತಿ." "ಹಿಟ್ಟು ಮೊನ್ನೆ ಬೀಸಿದ್ದು." ದಿನಕ್ಕೊಂದು ತಕರಾರು. ಮೂಸಿದ್ದೂ ಎಂಜಲೇ ಎಂದು ಬಾಜೂದವರು ಗೊಣಗಿದರೆ, "ಮೂಗಿಗೆ ಎಂಜಲಿಲ್ಲ" ಎನ್ನುವರು. ಸರಿಯಾದ ಸಾರು ಬಂದ ಮೇಲೆಯೇ ಲಿಂಗಪೂಜೆ, ಆಮೇಲೆ ಊಟ. ಪೂಜೆಯಾದ ಮೇಲೆ ತುಟಿ ಪಿಟ್ಟೆನ್ನುತ್ತಿರಲಿಲ್ಲ.

ಒಂದು ಸೋಮವಾರ ಪಡಸಾಲೆ ತುಂಬಿತ್ತು. ನನಗೆ ಬೆಳಗಿನಿಂದ ತಲೆನೋವು. ಗುರುಬಸಪ್ಪನವರು ಸಾರಿನ ವಾಟಿಯನ್ನು ಮೂಸಿ, "ಇದನ್ನ ಒಯ್ಯಿ, ಬ್ಯಾಳಿ ತಳಾ ಹತ್ತೈತಿ" ಎಂದರು. ನನಗೆ ತಡೆಯಲಾಗಲಿಲ್ಲ. "ನೀವು ಹೊಟ್ಟಿಗೆ ಉಣ್ಣಾಕ ಬರ್ತೀರೋ, ಮೂಗಿಗೆ ಉಣ್ಣಾಕ ಬರ್ತೀರೋ? ಮೂಗಿಗೇ ಆದರ ನಾಳಿಂದ ಹೊರಗ ಕಟ್ಟಿ ಮ್ಯಾಲ ಕುಂದರ್ರಿ, ವಾಸನಿ ಅಲ್ಲೀ ಮಟಾ ಬರತೈತಿ" ಎಂದೆ. ಪಡಸಾಲೆಯೆಲ್ಲ ನಕ್ಕಿತು. ಗುರುಬಸಪ್ಪನವರು ನಗಲಿಲ್ಲ. ಎದ್ದು, ಕೈಗೆ ಅಂಟದಿದ್ದ ಅನ್ನವನ್ನೂ ತೊಳೆಯುವಂತೆ ಕೈ ತೊಳೆದುಕೊಂಡು ಹೋದರು. ಮರಳಿ ಬರಲಿಲ್ಲ. ಕೆಲವು ತಿಂಗಳ ಮೇಲೆ ಹುಕ್ಕೇರಿಗೆ ವರ್ಗವಾಯಿತೆಂದು ಕೇಳಿದೆ.

ಪೀಡೆ ಕಳೆಯಿತೆಂದು ನಾನು ಬೀಗಿದೆ. ನೀಲವ್ವ ಬೈಯಲಿಲ್ಲ, ಅದೇ ಆಶ್ಚರ್ಯ. ರಾತ್ರಿಯ ಅಡಿಗೆಗೆ ಉಳ್ಳಾಗಡ್ಡಿ ಹೆಚ್ಚುತ್ತ, "ಆ ಮನಶ್ಯಾ ಕುಂತಿದ್ದಾಗ ನಾ ಒಗ್ಗರಣಿ ಎರಡ ಸಲ ನೋಡತಿದ್ದೆ" ಎಂದಷ್ಟೇ ಅಂದಳು. ಆ ಮಾತಿನ ತೂಕ ನನಗೆ ಆಗ ತಿಳಿಯಲಿಲ್ಲ.

ಯುದ್ಧ ಮುಗಿಯುವ ಹೊತ್ತಿಗೆ ಆ ದೊಡ್ಡ ಜ್ವರ ಬಂತು. ಅದರ ಸುದ್ದಿಯನ್ನು ಇಲ್ಲಿ ಹೆಚ್ಚಿಗೆ ಬರೆಯಲು ಮನಸ್ಸಿಲ್ಲ. ಹೆಣ ಹೊರುವವರೂ ಮಲಗಿದ ದಿನಗಳವು. ನೀಲವ್ವ ತಿಂಗಳೊಪ್ಪತ್ತು ಹಾಸಿಗೆ ಹಿಡಿದು, ಬದುಕಿ ಎದ್ದಳು. ಎದ್ದ ನಾಲ್ಕನೆಯ ದಿನ ಒಲೆ ಹಚ್ಚಿದಳು. ಅಂದು ನಾನು ಬಾಗಿಲಿಗೆ ನೀರು ಹಾಕುವಾಗ ನಿಜವಾಗಿಯೂ ಕಣ್ಣೀರು ಬಂತು. ಹಳೆಯ ಗಿರಾಕಿಗಳೆಲ್ಲ ಒಬ್ಬೊಬ್ಬರಾಗಿ ಬಂದರು, ಉಂಡರು, ಆಕೆಯ ಯೋಗಕ್ಷೇಮ ಕೇಳಿದರು. ತಾಟುಗಳು ಮೊದಲಿನಂತೆಯೇ ಕನ್ನಡಿ.

ಆಮೇಲೆ ಮಂದಿ ಕಡಿಮೆಯಾಗತೊಡಗಿದರು. ಮೊದಲು ಗಾಡಿಯವರು, ಆಮೇಲೆ ಕಚೇರಿಯವರು. ಜ್ವರದಿಂದ ಊರೇ ಬಡವಾಗಿದೆ, ಅದಕ್ಕೆ ಎಂದುಕೊಂಡೆವು. ಆದರೆ ಪೇಟೆಯ ಇನ್ನೊಂದು ಖಾನಾವಳಿಯ ಮುಂದೆ ಮೊದಲಿಗಿಂತ ಹೆಚ್ಚು ಚಪ್ಪಲಿಗಳಿದ್ದವು. ಎರಡು ಸಾಲಿದ್ದದ್ದು ಒಂದಾಯಿತು, ಒಂದರಲ್ಲೂ ಮಣೆ ಖಾಲಿ ಬಿದ್ದವು. ನೀಲವ್ವ ಜೋಳದ ಚೀಲ ಮುಟ್ಟಿ ನೋಡುತ್ತ ಕೂರುವಳು. "ಹಿಂಗ ಆದರ ಯುಗಾದಿಗೆ ಬಾಗಲಾ ಹಾಕೂದ ನೋಡು" ಎಂದಳು ಒಮ್ಮೆ. ಆ ಮನೆಯ ಬಾಗಿಲು ಹಾಕಿದರೆ ಆಕೆ ಹೋಗಬೇಕಾದದ್ದು ಗಂಡನ ದಾಯಾದಿಗಳ ಮನೆಗೆ, ಅವರ ಒಲೆಯ ಮುಂದೆ, ಅವರ ಮಾತು ಕೇಳಿಕೊಂಡು. ಅದನ್ನು ನೆನೆದು ನನಗೆ ಊಟ ಸೇರುತ್ತಿರಲಿಲ್ಲ.

ಓದುವವರು ಕೇಳಬಹುದು, ನೀನೂ ಅಲ್ಲೇ ಉಣ್ಣುತ್ತಿದ್ದೆಯಲ್ಲ, ನಿನಗೆ ರುಚಿ ತಿಳಿಯಲಿಲ್ಲವೇ ಎಂದು. ಬಡಿಸುವವ ಕೊನೆಗೆ ಉಣ್ಣುವವನು. ಎಲ್ಲರೂ ಎದ್ದ ಮೇಲೆ ಅವನಿಗೆ ಸಿಗುವುದು ಗಡಿಗೆಯ ತಳ. ತಳದ ಸಾರಿಗೆ ಯಾವತ್ತಿಗೂ ಒಂದಿಷ್ಟು ಹೊತ್ತಿದ ರುಚಿ ಇದ್ದೇ ಇರುತ್ತದೆ. ಆರು ವರ್ಷ ಅದನ್ನೇ ಉಂಡವನಿಗೆ ಅದೇ ಸಾರಿನ ರುಚಿ. ಮೂಗಂತೂ ದಿನವಿಡೀ ಸಗಣಿಯ ಕುಳ್ಳಿನ ಹೊಗೆಯಲ್ಲಿ ಅರ್ಧ ಸತ್ತಿತ್ತು.

ವಾರವಾರ ತಪ್ಪದೆ ಬರುತ್ತಿದ್ದ ಬೆಲ್ಲದ ವ್ಯಾಪಾರಿ ಶಿವಪ್ಪನವರನ್ನು ಕೇಳಿಯೇಬಿಡೋಣವೆಂದು ಮೂಡಲಗಿಗೆ ಹೋದೆ. ಅವರು ನನ್ನನ್ನು ಕರೆದು ಕೂರಿಸಿ, ಮಜ್ಜಿಗೆ ಕೊಟ್ಟು, ಊರ ಸುದ್ದಿಯನ್ನೆಲ್ಲ ಕೇಳಿದರು.

"ಯಾಕ್ರಿ ಶಿವಪ್ಪಣ್ಣಾರ, ನಮ್ಮ ಕಡೆ ಬರೂದ ಬಿಟ್ರಿ?"

"ಏ, ಹಂಗೇನಿಲ್ಲೋ. ಹೊಟ್ಟಿ ಸರಿ ಇಲ್ಲ ನಂದು. ಬುತ್ತಿ ಕಟಕೊಂಡು ಬರ್ತೇನಿ."

"ಊಟಾ ಸರಿ ಇರಲಿಲ್ಲೇನ್ರಿ? ಖರೆ ಹೇಳ್ರಿ."

"ಪ್ರಸಾದ ಹೆಂಗಿರತೈತಿ? ಪ್ರಸಾದ ಇದ್ದಂಗ ಇತ್ತು."

ಒಳಗಿನಿಂದ ಅವರ ಹೆಂಡತಿ ಕಿಸಕ್ಕನೆ ನಕ್ಕದ್ದು ಕೇಳಿಸಿತು. ಶಿವಪ್ಪನವರು ಜೋರಾಗಿ ಕೆಮ್ಮಿದರು. ಹಿಂದಿರುಗುವ ದಾರಿಯುದ್ದಕ್ಕೂ ಆ ನಗು ನನ್ನ ಬೆನ್ನಿಗಿತ್ತು. ಅಡಿಗೆಯಲ್ಲಿ ಏನೋ ಇದೆ, ಊರಿಗೆಲ್ಲ ಅದು ಗೊತ್ತಿದೆ, ಹೇಳುವವರು ಒಬ್ಬರೂ ಇಲ್ಲ. ಹೇಳುತ್ತಿದ್ದವರು ಒಬ್ಬರಿದ್ದರು. ಅವರನ್ನು ಕಟ್ಟೆಯ ಮೇಲೆ ಕೂರಲು ಹೇಳಿ ಕಳಿಸಿದವನು ನಾನೇ.

ನೀಲವ್ವನಿಗೆ ತಾಯಿಯನ್ನು ನೋಡಿಬರುತ್ತೇನೆಂದು ಹೇಳಿ ಘೋಡಗೇರಿಗೆ ಬಂದೆ. ಅಲ್ಲಿಂದ ಹುಕ್ಕೇರಿಗೆ ಹೋದೆ. ಗುರುಬಸಪ್ಪನವರು ಬಾಡಿಗೆ ಮನೆಯ ಜಗುಲಿಯಲ್ಲಿ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದರು. ನಾನು ಕಾಲು ಮುಟ್ಟಿದೆ. ನನ್ನ ತಪ್ಪಾಯಿತೆಂದು ಹೇಳಿ, ಒಮ್ಮೆ ಬಂದು ಉಂಡು ಹೋಗಬೇಕೆಂದು ಬೇಡಿಕೊಂಡೆ. ಅವರು ಎಲೆಗೆ ಸುಣ್ಣ ಹಚ್ಚುತ್ತಲೇ ಕೇಳಿದರು:

"ನೀ ತಪ್ಪ ಒಪ್ಪಗೊಳ್ಳಾಕ ಬಂದೀಯೋ, ನನ್ನ ಮೂಗ ಬಾಡಿಗಿ ತಗೊಳ್ಳಾಕ ಬಂದೀಯೋ?"

"ಎರಡೂ ಹೌದ್ರೀ ಯಪ್ಪಾ" ಎಂದೆ.

ಆಗ ಮೊದಲ ಬಾರಿ ಅವರು ನಕ್ಕದ್ದನ್ನು ನೋಡಿದೆ. ಮುಂದಿನ ವಾರ ಗೋಕಾಕ ಕಚೇರಿಯಲ್ಲಿ ಅವರಿಗೆ ಕೆಲಸವಿತ್ತು, ಬರುತ್ತೇನೆಂದರು.

ಹೇಳಿದ ದಿನವೇ ಬಂದರು. ಪಡಸಾಲೆಯಲ್ಲಿ ಏಳೆಂಟು ಮಂದಿ ಇದ್ದರು. ನಾನು ತಾಟು ಇಟ್ಟೆ, ರೊಟ್ಟಿ, ಪಲ್ಯೆ, ಸಾರಿನ ವಾಟಿ. ಅವರು ಬಗ್ಗಿದರು. ಮತ್ತೆ ಬಗ್ಗಿದರು. ಪಲ್ಯೆಯನ್ನು ಮೂಸಿದರು, ರೊಟ್ಟಿ ಮುರಿದು ಮೂಸಿದರು. ಆಮೇಲೆ ನೆಟ್ಟಗೆ ಕೂತು ಎದೆಯ ಮೇಲಿನ ಕರಡಿಗೆಯನ್ನು ಕೈಯಿಂದ ಮುಚ್ಚಿಕೊಂಡರು.

"ಇದನ್ನ ನಾ ಲಿಂಗಕ್ಕ ತೋರಸೂದಿಲ್ಲ" ಎಂದರು.

ಉಣ್ಣುತ್ತಿದ್ದವರ ಕೈ ನಿಂತವು. ಯಾರೂ ತಲೆಯೆತ್ತಲಿಲ್ಲ. ನೀಲವ್ವ ಬಾಗಿಲಿಗೆ ಬಂದಳು.

"ಏನಾಗೇತ್ರಿ, ಅಣ್ಣಾರ?"

"ಬ್ಯಾಳಿ ತಳಾ ಹತ್ತೈತಿ. ಎಣ್ಣಿ ಕಮಟ ಆಗೇತಿ. ಹಿಟ್ಟ ಮುಗ್ಗ ಹಿಡದೈತಿ. ಒಂದ ಅಲ್ಲ ತಂಗಿ, ಎಲ್ಲಾ ಕೆಟ್ಟೈತಿ. ನೀನ ವಾಸನಿ ನೋಡು."

ಆಕೆ ವಾಟಿಯನ್ನು ಎತ್ತಿ ಮೂಗಿನ ಹತ್ತಿರ ಹಿಡಿದಳು. ಹಿಡಿದುಕೊಂಡೇ ನಿಂತಳು. ವಾಟಿಯನ್ನು ವಾಲಿಸಿ ಮತ್ತೆ ಮೂಸಿದಳು, ಸಾರು ಸೀರೆಯ ಮೇಲೆ ಚೆಲ್ಲಿತು. ನಾನು ಅದನ್ನು ಸಿಟ್ಟು ಎಂದುಕೊಂಡೆ. ಸಿಟ್ಟಾಗಿರಲಿಲ್ಲ.

"ನನಗ ತಿಳಿಯೂದಿಲ್ರಿ" ಎಂದಳು. "ಜ್ವರಾ ಬಂದ ಹೋದಾಗಿಂದ ಯಾವ ವಾಸನಿನೂ ಬರವಲ್ದು. ಉಳ್ಳಾಗಡ್ಡಿನೂ ಇಲ್ಲ, ಹೊಗಿನೂ ಇಲ್ಲ. ಇಂದ ಬಂದೀತು, ನಾಳೆ ಬಂದೀತು ಅಂತ ಕಾಯಾಕತ್ತೇನಿ. ಎಲ್ಲಾರ ತಾಟೂ ಖಾಲಿ ಆಗತಿದ್ದೂವು. ಕೈ ಅಳತಿ ತಪ್ಪಿಲ್ಲ ಅಂತ ಸಮಾಧಾನ ಮಾಡಕೊಂಡಿದ್ದೆ."

ತಿಂಗಳುಗಟ್ಟಲೆ ನಾವೆಲ್ಲ ಭಕ್ತಿಯಿಂದ ತಾಟು ತೊಳೆದು ಕುಡಿದು, ಆ ಹೆಂಗಸಿಗೆ ದಿನಕ್ಕೆ ಎರಡು ಸಲ ಸುಳ್ಳು ಹೇಳಿದ್ದೆವು. ನೀಲವ್ವ ವಾಟಿಯನ್ನು ಕೆಳಗಿಟ್ಟು, "ಸಿದ್ಲಿಂಗಾ, ಒಲಿಗೆ ನೀರ ಹಾಕು. ಇನ್ನ ಸಾಕು. ಮೂಗಿಲ್ದಾಕಿ ಮಂದಿಗೆ ಅಡಿಗಿ ಮಾಡಬಾರದು" ಎಂದಳು.

ನಾನು ಕದಲಲಿಲ್ಲ. ಗುರುಬಸಪ್ಪನವರೇ ಮಾತಾಡಿದರು. "ನೀರ ಹಾಕಬ್ಯಾಡೋ. ತಂಗಿ, ನಿನ್ನ ಕೈ ಹೋಗಿಲ್ಲ, ಬರೇ ಸುದ್ದಿ ಬರೂದ ನಿಂತೈತಿ. ಇವನ್ನ ಮೊದಲ ಉಣಸು. ನಸಕನ್ಯಾಗ ಇವ ಪೂಜಿ ಮಾಡಕೊಳ್ಳಲಿ, ಗಿರಾಕಿ ಬರೂಕಿಂತ ಮೊದಲ ಒಂದ ತಾಟ ಇವಂಗ ನೀಡು. ಅವಂಗ ಅದು ಪ್ರಸಾದ, ನಿನಗ ಅದು ಸುದ್ದಿ."

ಬಡಿಸುವವ ಗಿರಾಕಿಗಿಂತ ಮೊದಲು ಉಂಡನೆಂದರೆ ಪೇಟೆಯಲ್ಲಿ ತಲೆಯೆತ್ತುವಂತಿಲ್ಲ. ಹಸಿದವರನ್ನು ಕೂರಿಸಿ ತಾನು ತೇಗಿದ ಎನ್ನುತ್ತಾರೆ. ಅದೂ ಇರಲಿ, "ಪ್ರಸಾದಕ್ಕ ನಾ ಹೆಂಗ ಹೆಸರಿಡ್ಲಿರೀ?" ಎಂದೆ.

"ಪ್ರಸಾದಕ್ಕ ಹೆಸರಿಡು ಅಂದವರ್ಯಾರು? ನಿನ್ನ ತಾಟಿನ್ಯಾಗ ಬಿದ್ದದ್ದನ್ನ ಸುಮ್ಮನ ಉಣ್ಣು, ತೊಳದ ಕುಡಿ. ಗಡಿಗ್ಯಾಗ ಉಳದದ್ದು ಇನ್ನೂ ಪ್ರಸಾದ ಆಗಿಲ್ಲ, ಬರೇ ಅಡಿಗಿ. ಅದಕ್ಕ ಎಷ್ಟ ಬೇಕಾದರೂ ಹೆಸರಿಡು."

ಮೂಲೆಯಲ್ಲಿದ್ದ ಗಾಡಿಯವನೊಬ್ಬ "ಖರೆ ಐತಿ ಬಿಡ್ರಿ" ಎಂದ. ಇನ್ನೊಬ್ಬ ತಲೆ ತಗ್ಗಿಸಿಕೊಂಡೇ, "ಅಕ್ಕಾರ, ನಾವ ಮೊದಲ ಹೇಳಬೇಕಾಗಿತ್ತ್ರಿ" ಎಂದ. ನೀಲವ್ವ ಒಳಗೆ ಹೋದಳು. ಒಲೆಗೆ ನೀರು ಬೀಳುವ ಸದ್ದಿಗಾಗಿ ನಾನು ಕಿವಿಗೊಟ್ಟು ನಿಂತೆ. ಬಂದದ್ದು ಹೊಸದಾಗಿ ಬೇಳೆ ತೊಳೆಯುವ ಸದ್ದು. ಗುರುಬಸಪ್ಪನವರು ಅದು ಬೇಯುವವರೆಗೆ ಕಾದು ಕುಳಿತು, ಉಂಡೇ ಹೋದರು.

ಮರುದಿನ ನಾನು ಮೊದಲ ತಾಟಿಗೆ ಕುಳಿತೆ. ಗಡಿಗೆಯ ಮೇಲಿನ ಸಾರು ಆರು ವರ್ಷಗಳಲ್ಲಿ ಅಂದೇ ನನ್ನ ಬಾಯಿಗೆ ಬಿದ್ದದ್ದು. ಮೊದಲ ತುತ್ತಿಗೇ ಬೆಳ್ಳುಳ್ಳಿ ಕರಕಲಾದದ್ದು ತಿಳಿಯಿತು. ತಾಟು ಮುಗಿಸಿ ಒಳಗೆ ಹೋಗಿ "ಸಾರ ಕೆಟ್ಟೈತ್ರಿ" ಎಂದೆ. ಸೌಟು ಹಾರಿಬಂದು ಬಾಗಿಲಿಗೆ ಬಡಿಯಿತು. "ಕೆಟ್ಟೈತಿ ಅಂದರ ನಾ ಏನ ತಿಳಕೊಳ್ಳಿ? ಏನ ಕೆಟ್ಟೈತಿ, ಎಷ್ಟ ಕೆಟ್ಟೈತಿ, ಅದನ್ನ ಹೇಳು!" ಎಂದು ಕೂಗಿದಳು. ಆಕೆಯ ಮಾತು ನ್ಯಾಯವಾಗಿತ್ತು. ಹೆಸರಿಡುವುದೂ ಒಂದು ವಿದ್ಯೆ. ಹೊತ್ತದ್ದ್ಯಾವುದು, ಹಸಿ ಉಳಿದದ್ದ್ಯಾವುದು, ಕಮಟು ಎಣ್ಣೆಯದೋ ಶೇಂಗಾದ್ದೋ, ಹುಳಿ ಹೆಚ್ಚೋ ಹಳೆಯದೋ, ಇದನ್ನೆಲ್ಲ ಬಿಡಿಸಿ ಹೇಳಲು ನನಗೆ ಎರಡು ತಿಂಗಳು ಬೇಕಾಯಿತು. ಅಷ್ಟರಲ್ಲಿ ಆಕೆ ತನ್ನ ಕಡೆಯಿಂದ ಬೇರೆ ದಾರಿ ಹುಡುಕಿಕೊಂಡಳು. ಸಾಸಿವೆ ಸಿಡಿಯುವ ಸದ್ದು, ಉಳ್ಳಾಗಡ್ಡಿಯ ಬಣ್ಣ, ಬೇಳೆ ಕುದಿಯುವಾಗಿನ ಗುಳ್ಳೆಯ ಗಾತ್ರ. ಎಣ್ಣೆಯನ್ನು ಎಂಟು ದಿನಕ್ಕಿಂತ ಹೆಚ್ಚು ಇಡಲಿಲ್ಲ. ಹಿಟ್ಟನ್ನು ದಿನದಿನವೂ ಬೀಸಿಸಿದಳು.

ಪೇಟೆಯವರು ನನ್ನನ್ನು ಬಿಡಲಿಲ್ಲ. "ಏನೋ ಸಿದ್ಲಿಂಗಾ, ಆತೇನು ನಿಂದು? ನಮಗೇನರ ಉಳದೈತೋ?" ಎಂದು ಹಾದು ಹೋಗುವವರೂ ಕಾಡಿಸುವರು. ಮೊದಲು ಉರಿಯುತ್ತಿತ್ತು. ಆಮೇಲೆ, "ಬರ್ರಿ, ನಾ ಉಂಡೂ ಬದಕೇನಿ, ನೀವೂ ಉಣ್ರಿ" ಎನ್ನಲು ಕಲಿತೆ. ಅದನ್ನು ಕೇಳಿಯೇ ನಾಲ್ಕು ಮಂದಿ ಹೆಚ್ಚಿಗೆ ಬಂದರೆಂದು ಕಾಣುತ್ತದೆ. ಗುರುಬಸಪ್ಪನವರು ಗೋಕಾಕಕ್ಕೆ ಬಂದಾಗಲೆಲ್ಲ ನಮ್ಮಲ್ಲೇ ಉಣ್ಣುತ್ತಿದ್ದರು. ಕರಡಿಗೆ ತೆಗೆಯುವ ಮೊದಲು ತಪ್ಪದೆ ಮೂಸುತ್ತಿದ್ದರು. ನಾನು ತಪ್ಪದೆ ಪಕ್ಕದಲ್ಲಿ ನಿಲ್ಲುತ್ತಿದ್ದೆ.

ಮುಂದೆ ಎಷ್ಟೋ ಬದಲಾಯಿತು. ಮಣೆ ಹೋಗಿ ಮೇಜು ಬಾಕು ಬಂದವು, ಮೋಟಾರು ಬಂತು, ಬೆಳಗಿನ ಚಹಾ ಬಂತು. ಎರಡನೆಯ ಯುದ್ಧದಲ್ಲಿ ರೇಶನ್ ಬಂದು, ಸಿಕ್ಕ ಜೋಳದಲ್ಲಿ ಮಣ್ಣು ಹೆಚ್ಚೋ ಕಾಳು ಹೆಚ್ಚೋ ಎಂದು ನೋಡುವಂತಾಯಿತು. ನಾನು ಮೊದಲು ಉಣ್ಣುವುದು ಮಾತ್ರ ತಪ್ಪಲಿಲ್ಲ. ಹುಕ್ಕೇರಿಯ ತಮ್ಮಂದಿರಾ, ಗೋಡೆಗೆ ಯಾವ ಬಣ್ಣವಾದರೂ ಬಳಿಯಿರಿ. ನೀವು ಮಾಡಿದ್ದನ್ನು ನೀವು ಮೊದಲು ಉಣ್ಣಿ. ನಿಮ್ಮ ಮುಖದ ಮೇಲೆ ಹೇಳುವ ಗಿರಾಕಿ ಸಿಕ್ಕರೆ ಅವನಿಗೆ ಒಳ್ಳೆಯ ಜಾಗ ಕೊಡಿ. ಅಂಥವನು ಊರಿಗೊಬ್ಬ ಇರುವುದೇ ಕಷ್ಟ.

ನೀಲವ್ವನಿಗೆ ವಾಸನೆ ಮರಳಿ ಬರಲೇ ಇಲ್ಲ. ಬಾಯಿಗೆ ಉಪ್ಪು, ಹುಳಿ, ಖಾರ ಇಷ್ಟು ತಿಳಿಯುತ್ತಿತ್ತು, ಅಷ್ಟೇ. ಜ್ವರ ಬಂದು ಹೋದ ಮೇಲೆ ಆಕೆ ಉಣ್ಣುತ್ತಿದ್ದದ್ದು ಒಂದೇ ರೊಟ್ಟಿ, ಕಷಾಯ ಕುಡಿದಂತೆ. ನಾನು ಮೊದಲ ತಾಟಿಗೆ ಕೂರತೊಡಗಿ ಆರು ತಿಂಗಳಾಗಿರಬೇಕು, ಮೂಡಲಗಿಯ ಶಿವಪ್ಪನವರು ಬುತ್ತಿಯಿಲ್ಲದೆ ಬಂದರು. ಅಂದು ಎರಡೂ ಸಾಲು ತುಂಬಿತ್ತು. ಶಿವಪ್ಪನವರು ಉಂಡು, ತಾಟು ತೊಳೆದು ಕುಡಿದು, ಅಡಿಗೆಮನೆಯ ಬಾಗಿಲಿಗೆ ಹೋಗಿ ನಿಂತರು.

"ಅಕ್ಕಾರ, ಮೊದಲಿನ ಕೈ ಐತ್ರಿ. ಸಾರ ಭಾಳ ಚಲೋ ಆಗೇತಿ."

ನೀಲವ್ವ ಅವರ ಹೆಗಲಾಚೆ ನಿಂತಿದ್ದ ನನ್ನ ಮುಖ ನೋಡಿದಳು.

"ಖರೆ ಏನೋ?"

"ಖರೆ ಐತ್ರಿ, ಅಕ್ಕಾರ. ಇವತ್ತ ಏನೂ ಹೆಸರಿಡೂದಿಲ್ಲ" ಎಂದೆ.

ಎಲ್ಲರೂ ಎದ್ದ ಮೇಲೆ ಆಕೆ ತನ್ನ ತಾಟಿಗೆ ಕುಳಿತಳು, ಪೂಜೆ ಮಾಡಿಕೊಂಡಳು, ಆ ಒಂದು ರೊಟ್ಟಿಯನ್ನು ಉಂಡಳು. ನಾನು ತಂಬಿಗೆಯ ನೀರು ತಂದಿಡಲು ಹೋದೆ. ಆಕೆ ತಾಟನ್ನು ನನ್ನ ಕಡೆಗೆ ಸರಿಸಿದಳು.

"ಇನ್ನೊಂದ ರೊಟ್ಟಿ ನೀಡು. ಸಾರೂ ಹಾಕು. ಚಲೋ ಆಗೇತಿ ಅಂತೀಯಲ್ಲ" ಎಂದಳು.